ಬೆನ್ನ ಮೇಲಿನ ಕೆಂಪು ಚೌಕ

“ಅಂಗಿ ತೆಗೀರಿ.”

ಲ್ಯಾಬಿಗೆ ಬಂದ ಎಷ್ಟೋ ಜನರಿಗೆ ಮಿರೆಯಾ ಈ ಮಾತು ಹೇಳಿದ್ದಳು. ಇವತ್ತು ಮಾತ್ರ ಎದುರಿಗಿದ್ದವನ ಮುಖ ನೋಡದೆ ಹೇಳಿದಳು.

ಎಲಿಸೆಯೋ ಅರಿಕಾ ಬಂದರಿನ ಮೀನುಗಾರ. ಮುಖ ಬಿಸಿಲಿಗೆ ಬೆಂದು ತಾಮ್ರದ ಬಣ್ಣಕ್ಕೆ ತಿರುಗಿತ್ತು. ದೋಣಿಯಲ್ಲಿ ಅಂಗಿ ಬಿಚ್ಚುವ ಅಭ್ಯಾಸವಿಲ್ಲದ್ದರಿಂದ ಬೆನ್ನು ಬೆಳ್ಳಗಿತ್ತು. ಪರೀಕ್ಷೆಗೆ ಅಂಥ ಬೆನ್ನೇ ಬೇಕು.

ಅವಳು ಬೆನ್ನ ಮೇಲೆ ಚೌಕ ಬರೆದು, ತಾನೇ ತಯಾರಿಸಿದ ಸನ್‌ಸ್ಕ್ರೀನ್ ಹಚ್ಚಿದಳು. ಬೆವರಿನ ಜೊತೆ ಇಳಿದು ಕಣ್ಣು ಉರಿಸದ ಕ್ರೀಮ್ ಅದು. ಬೇರೆ ಕ್ರೀಮುಗಳ ಉರಿ ತಾಳಲಾರದೆ ಅವಳ ಅಪ್ಪ ಏನನ್ನೂ ಹಚ್ಚದೆ ಕಡಲಿಗೆ ಹೋಗುತ್ತಿದ್ದ. ಕೊನೆಗೆ ಚರ್ಮದ ಕ್ಯಾನ್ಸರಿಗೆ ಬಲಿಯಾದ. ಈ ಪರೀಕ್ಷೆ ಸೋತರೆ ಲ್ಯಾಬಿನವರು ಕ್ರೀಮನ್ನೇ ಕೈಬಿಡುತ್ತಾರೆ...

“ಹಚ್ಚಿದ್ರಾ ಮೇಡಂ? ಗೊತ್ತೇ ಆಗ್ಲಿಲ್ಲ.”

“ಸುಮ್ನೆ ಕೂತ್ಕೊಳ್ಳಿ. ನಾಳೆವರೆಗೂ ಬೆನ್ನಿಗೆ ಬಿಸಿಲು ತಾಗಬಾರ್ದು,” ಎಂದು ಅವಳು ಬಿಸಿಲಿನಂತೆ ಸುಡುವ ಪರೀಕ್ಷೆಯ ದೀಪವನ್ನು ಚೌಕಕ್ಕೆ ಮಾತ್ರ ಬೀಳುವಂತೆ ಹೊತ್ತಿಸಿದಳು.

ಮರುದಿನ ನೋಡಿದರೆ ಚೌಕ ಕೆಂಪಗಾಗಿತ್ತು!

“ಬೆನ್ನು ಬಿಟ್ಕೊಂಡು ಕಡಲಿಗೆ ಹೋಗಿದ್ರಾ?”

“ನಿಮ್ಮ ಮಾತು ಕೇಳಿ ದೋಣೀನೇ ಇಳಿಸ್ಲಿಲ್ಲ.”

“ಸುಳ್ಳು ಹೇಳ್ಬೇಡಿ.”

ಎಲಿಸೆಯೋ ಅಂಗಿ ತೊಟ್ಟ. “ನಿಮ್ಮನ್ನ ನಂಬಿ ಬೆನ್ನು ಕೊಟ್ಟೆ. ನೀವು ನನ್ನ ಒಂದು ಮಾತೂ ನಂಬ್ಲಿಲ್ಲ.”

ಅವನು ಹೋದ ಮೇಲೆ ಮಿರೆಯಾ ಬೆನ್ನಿನ ಫೋಟೋ ನೋಡುತ್ತ ಕೂತಳು. ಬಿಸಿಲು ಬಿದ್ದಿದ್ದರೆ ಇಡೀ ಬೆನ್ನು ಕೆಂಪಾಗಬೇಕಿತ್ತು. ಇಲ್ಲಿ ಚೌಕದ ಅಂಚು ಕೂಡ ಬೆಳ್ಳಗಿದೆ, ನಡುವೆ ಮಾತ್ರ ಕೆಂಪು. ಅಂದರೆ ಅಂಚಿನಲ್ಲಿ ಕ್ರೀಮ್ ದೀಪವನ್ನು ತಡೆದಿದೆ, ನಡುವೆ ಕ್ರೀಮ್ ಕೂತೇ ಇಲ್ಲ.

ಎಲ್ಲರ ಬೆನ್ನಿಗೂ ಬೆರಳೊತ್ತಿ ಸಮನಾಗಿ ಸವರುವವಳು, ಅವನ ಬೆನ್ನಿಗೆ ಮುಟ್ಟಿಯೂ ಮುಟ್ಟದ ಹಾಗೆ ಹಚ್ಚಿದ್ದಳು!

ಅಯ್ಯೋ... ಸೋತಿದ್ದು ಕ್ರೀಮ್ ಅಲ್ಲ, ನನ್ನ ಕೈ.

ಅವಳು ನೇರ ಬಂದರಿಗೆ ಹೋದಳು. ಎಲಿಸೆಯೋ ಮೀನು ಹಸನು ಮಾಡುತ್ತಿದ್ದ. ಕೆಳಗೆ ನೀರಿನಲ್ಲಿ ಕಡಲಸಿಂಹಗಳು ಬಾಯಿ ತೆರೆದು ಕಾಯುತ್ತಿದ್ದವು.

“ತಪ್ಪು ನಂದು. ನಾನೇ ಸರಿಯಾಗಿ ಹಚ್ಲಿಲ್ಲ.”

“ಯಾಕೆ?”

ಅವಸರ ಇತ್ತು ಅನ್ನಬಹುದಿತ್ತು. ಅನ್ನಲಿಲ್ಲ.

“ಕೈ ನಡುಗ್ತಿತ್ತು. ನೀವಲ್ವಾ... ಅದಕ್ಕೆ.”

ಅವನ ಚಾಕು ಅಲ್ಲೇ ನಿಂತಿತು. “ಅದಕ್ಕೆ ನನಗೆ ಬೈಗುಳಾನಾ?”

ಚರ್ಮ ಮಾಯ್ದ ಮೇಲೆ ಅವನು ಮತ್ತೆ ಬಂದ. ಈ ಸಲ ಕ್ರೀಮನ್ನು ಮಿರೆಯಾ ತಾನು ಹಚ್ಚಲಿಲ್ಲ, ಲ್ಯಾಬಿನ ಜೊತೆಗಾತಿ ನೆಲ್ಡಾಳ ಕೈಗೆ ಕೊಟ್ಟಳು. ಮರುದಿನ ಚೌಕ ಬೆಳ್ಳಗೇ ಇತ್ತು. ಮಿರೆಯಾ ಅಪ್ಪನನ್ನು ನೆನೆದು ಬಿಕ್ಕಿದಳು.

ಎಲಿಸೆಯೋ ಮೆಲ್ಲಗೆ ಕೇಳಿದ, “ನಾಳೆ ಕಡಲಿಗೆ ಹೋಗ್ತೀನಿ. ಮುಖಕ್ಕೆ ಯಾರು ಹಚ್ತಾರೆ?”

“ನನ್ನ ಕೈ ಈಗ್ಲೂ ನಡುಗುತ್ತೆ...”

“ನಡುಗ್ಲಿ. ಎರಡು ಸಲ ಹಚ್ಚು.”