ಒಣಗದ ಮುಖವಾಡ

"ಹೈಸ್ಕೂಲು ದಾಟದ ಪುಂಡನ ಕೈಗೆ ನಮ್ಮ ಮುತ್ತಾತನ ಮುಖವಾಡ ಕೊಟ್ಟಿರಲ್ಲ! ಇವನಲ್ಲದೆ ಇನ್ಯಾರು ಕದೀತಾರೆ?"

ಅಕುತ್ಸು ಯಜಮಾನರು ಅರಚಿದರು. ನನ್ನ ಗುರು ನಿವಾ, ಕವಚಕ್ಕೆ ರೇಷ್ಮೆ ಹುರಿ ಹೆಣೆಯುವ ಕಿನುಯೆ ಅಮ್ಮ, ಯಜಮಾನರ ಇಬ್ಬರು ಗಂಡುಮಕ್ಕಳು, ಇನ್‌ಸ್ಪೆಕ್ಟರ್ ಹಯಾಮಿ. ಎಲ್ಲರ ಕಣ್ಣೂ ನನ್ನ ಮೇಲೆ.

ಅವರ ಮನೆತನದ ಸಮುರಾಯ್ ಕವಚ ನಮ್ಮಲ್ಲಿಗೆ ದುರಸ್ತಿಗೆ ಬಂದಿತ್ತು. ಶಿರಸ್ತ್ರಾಣ, ಎದೆಗವಚ, ಭುಜದ ಹಲಗೆ, ಎಲ್ಲ ಇದ್ದವು. ಮೂಗಿನಿಂದ ಗದ್ದದವರೆಗೆ ಮುಚ್ಚುವ ಕಬ್ಬಿಣದ ಮುಖವಾಡ ಮಾತ್ರ ರಾತ್ರಿ ಕಳೆಯುವುದರಲ್ಲಿ ಮಾಯ. ಬಳಿದ ಮೆರುಗು ಒಣಗಿಸುವ ಬೀರು ಖಾಲಿ.

"ಟೆಪ್ಪೇಯನ್ನ ಓಡಿಸಿ. ಇಲ್ಲಾಂದ್ರೆ ಕವಚ ವಾಪಸ್ ಕೊಡಿ." ಯಜಮಾನರು ನನ್ನತ್ತ ಬೆರಳು ತೋರಿದರು.

ಗುರುಗಳು ತಲೆ ತಗ್ಗಿಸಿದರು. ನನ್ನ ಮೈ ಉರಿಯಿತು. ಶಾಲೆ ಬಿಟ್ಟವನಿಗೆ ಈ ಊರಲ್ಲಿ ತೆರೆದದ್ದು ಇದೊಂದೇ ಬಾಗಿಲು.

ಹಯಾಮಿ ಬೀರಿನ ಕೆಳಗಿಂದ ನೀಲಿ ಹುರಿಯ ತುಂಡು ಎತ್ತಿದರು. "ಇದು ಯಾರದ್ದು?"

"ನಂದೇ ಕಣಮ್ಮ," ಅಂದರು ಕಿನುಯೆ ಅಮ್ಮ. "ನಲವತ್ತು ವರ್ಷದಿಂದ ಉದುರಿಸ್ತಿದ್ದೀನಿ. ಗುರುಗಳ ಸಾರಲ್ಲೂ ಸಿಗುತ್ತೆ."

ನನ್ನ ಕೋಣೆ ಜಾಲಾಡಿದರು. ಕೊಳಕು ಕಾಲುಚೀಲ ಸಿಕ್ಕಿತು, ಅಷ್ಟೇ.

ಹೊರಗೆ ಹಯಾಮಿಗೆ ಹೇಳಿದೆ: "ನಾಡಿದ್ದು ಇದೇ ಜನರನ್ನ ಚಹಾಕ್ಕೆ ಕರೀರಿ ಮೇಡಂ. ಕೈ ನೋಡಿ."

"ನನಗೇ ಕೆಲಸ ಹೇಳ್ತೀಯಾ?"

"ಕಳ್ಳ ಬೇಕೋ ಬೇಡವೋ?"

* * *

ಎರಡು ದಿನದ ಮೇಲೆ ಎಲ್ಲರೂ ಚಹಾದ ಬಟ್ಟಲು ಎತ್ತಿದರು. ಹಿರಿಮಗ ತೊಕುಜಿ ಎತ್ತಲಿಲ್ಲ. ಕೈಗೆ ಬಿಳಿ ಕೈಗವಸು.

"ತೆಗೀರಿ," ಅಂದರು ಹಯಾಮಿ.

"ಚಳಿ ಮೇಡಂ."

ಪಕ್ಕದಲ್ಲಿ ಅವನ ತಮ್ಮ ಸೆಕೆಗೆ ಬೆವರು ಒರೆಸಿಕೊಳ್ಳುತ್ತಿದ್ದ. ಕೈಗವಸು ಬಿಚ್ಚಿತು. ಬೆರಳೆಲ್ಲ ಊದಿ, ಗುಳ್ಳೆ ಎದ್ದು ಕೆಂಪಗಾಗಿತ್ತು.

"ತೋಟದಲ್ಲಿ ಕಂಬಳಿಹುಳ..."

"ಹುಳ ಅಲ್ಲ, ಉರುಶಿ ಮರದ ಸೊನೆ, ನಾವು ಮೆರುಗಿಗೆ ಬಳಿಯೋದು," ಅಂದೆ. "ಕಳುವಾದ ದಿನದ ಸಂಜೆ ಮುಖವಾಡಕ್ಕೆ ಬಳಿದಿದ್ದೆ. ಹಸಿಯಿತ್ತು. ಅದು ಮುಟ್ಟಿದ ಕೂಡಲೇ ಸುಡಲ್ಲ. ಒಂದೆರಡು ದಿನ ಬಿಟ್ಟು ಸುಡುತ್ತೆ. ಅದಕ್ಕೇ ಕಾದೆ."

"ನಿನ್ನ ಕೈ ಯಾಕೆ ಸುಡಲಿಲ್ಲ?" ಯಜಮಾನರು ಗುಡುಗಿದರು.

"ಮೊದಲ ವರ್ಷ ನನ್ನ ಮುಖ ಕುಂಬಳಕಾಯಿ ಆಗಿತ್ತು. ಈಗ ಮೈ ಒಗ್ಗಿದೆ. ಇಲ್ಲಿನವರು ಕದ್ದಿದ್ರೆ ಗುಳ್ಳೆ ಏಳ್ತಿರ್ಲಿಲ್ಲ. ಹೊರಗಿನವರಿಗೆ ಆ ಬೀರು ಮುಟ್ಟೋ ಕೆಲಸವೇ ಇಲ್ಲ." ತೊಕುಜಿಯತ್ತ ತಿರುಗಿದೆ. "ಒಣಗಲಿ ಅಂತ ಒಲೆ ಪಕ್ಕ ಇಟ್ಟಿದ್ದೀರಿ, ಅಲ್ವಾ? ಇದು ಕಾವಿಗೆ ಒಣಗಲ್ಲ ಸ್ವಾಮಿ. ತೇವಕ್ಕೆ ಒಣಗುತ್ತೆ. ನಮ್ಮ ಬೀರಲ್ಲಿ ಒದ್ದೆ ಬಟ್ಟೆ ಇರೋದು ಅದಕ್ಕೇ."

ತೊಕುಜಿ ಕೈಗವಸು ನೆಲಕ್ಕೆ ಎಸೆದ. "ಪೇಪರ್ ಸುತ್ತಿಟ್ಟೆ. ಅಂಟಿಕೊಂಡುಬಿಟ್ಟಿದೆ. ಹಿರಿಯ ನಾನು, ಊರಹಬ್ಬದ ಮೆರವಣಿಗೇಲಿ ಕವಚ ತೊಟ್ಟು ಕುದುರೆ ಏರೋದು ತಮ್ಮನಂತೆ, ಅಪ್ಪನ ತೀರ್ಮಾನ! ಮುಖವಾಡ ಇಲ್ಲದಿದ್ರೆ ಯಾರೂ ಏರಲ್ಲ ಅಂತ..."

ಅರ್ಧ ಗಂಟೆಯಲ್ಲಿ ಮುಖವಾಡ ಬಂತು. ಗುರುಗಳು ತಿರುಗಿಸಿ ತಿರುಗಿಸಿ ನೋಡಿದರು. ಕಬ್ಬಿಣಕ್ಕೆ ಏನೂ ಆಗಿರಲಿಲ್ಲ.

"ಕೆರೆದು ಮತ್ತೆ ಬಳಿದರಾಯ್ತು. ನಾಳೆ ಬೇಗ ಬಾರೋ ಟೆಪ್ಪೇ," ಎಂದು ನಕ್ಕರು. ಎರಡು ದಿನದಿಂದ ಊಟ ಸೇರಿರಲಿಲ್ಲ. ಈಗ ಕರುಳು ಕಿತ್ತುಬರುವ ಹಸಿವು.

ಯಜಮಾನರು ಎಲ್ಲರೆದುರು ಸೊಂಟ ಬಗ್ಗಿಸಿದರು. "ಮನಸ್ಸಿಗೆ ಹಚ್ಚಿಕೋಬೇಡಪ್ಪ. ಏನಾದ್ರೂ ಹೇಳು."

ಬೀದಿಯ ಕೊನೆಯ ನೂಡಲ್ಸ್ ಅಂಗಡಿಯಿಂದ ಸಾರಿನ ವಾಸನೆ ಬರುತ್ತಿತ್ತು. "ಮೊದಲು ಊಟ ಯಜಮಾನ್ರೇ," ಅಂದು ಚಪ್ಪಲಿ ಮೆಟ್ಟಿಕೊಂಡು ಅತ್ತ ನಡೆದೆ.