ಪರದೆಯಾಚೆ ಯಾರಿದ್ದರು?

"ನನ್ನ ಏನೂ ಕೇಳಬ್ಯಾಡ್ರಿ. ನನಗೇನೂ ಆಗಿಲ್ಲ."

ಶಿವಕಾಂತಾ ಆಫೀಸಿನ ಬಾತ್‌ರೂಮಿನಿಂದ ಆಗಷ್ಟೇ ಹೊರಬಂದಿದ್ದಳು. ಕಣ್ಣು ಕೆಂಪಾಗಿದ್ದವು. ಮುಖದಿಂದ ನೀರು ಇಳಿಯುತ್ತಿತ್ತು.

ಎದುರಿಗಿದ್ದ ಸಹೋದ್ಯೋಗಿ ಮಾರ್ತಾಂಡ ಕೈಯಲ್ಲಿದ್ದ ನೀರಿನ ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಹೊರಟುಹೋದ.

ಅಯ್ಯೋ... ವಾಂತಿ ಮಾಡಿದ್ದು ಇವರಿಗೆ ಕೇಳಿಸಿತೇ?

ಅದು 2007. ಪುಣೆಯ ಮಗರಪಟ್ಟಾದ ಒಂದು ಕಂಪನಿಯಲ್ಲಿ ಶಿವಕಾಂತಾ ಅಕೌಂಟ್ಸ್ ನೋಡುತ್ತಿದ್ದಳು. ಎರಡು ವರ್ಷದ ಹಿಂದೆ ಅವಳ ಮದುವೆಯ ನಿಶ್ಚಯ ಮುರಿದಿತ್ತು. ಹುಡುಗಿ ಭಾಳ ದಪ್ಪ ಆಗ್ಯಾಳೆಂದು ಗಂಡಿನ ಕಡೆಯವರು ತುಂಬಿದ ಮನೆಯಲ್ಲೇ ಹೇಳಿ ಎದ್ದುಹೋಗಿದ್ದರು.

ಅಂದಿನಿಂದ ಅವಳಿಗೆ ಅನ್ನವೇ ವೈರಿ. ದಿನವಿಡೀ ಉಪವಾಸ ಇರುವುದು, ಆಮೇಲೆ ಕದ್ದು ಸಿಕ್ಕಿದ್ದನ್ನೆಲ್ಲ ತಿನ್ನುವುದು, ತಿಂದದ್ದನ್ನು ಹೊರಹಾಕುವುದು. ಅದೇ ಊರಿನ ಖಡಕಿಯ ಮನೆಯಲ್ಲಿ ಅವ್ವ ಕಾಶವ್ವ ಇದು ಪಿತ್ತವೆಂದು ತಿಳಿದು ಜೀರಿಗೆ ಕಷಾಯ ಕುದಿಸಿಕೊಡುತ್ತಿದ್ದಳು.

ಪುಣೆಯ ದವಾಖಾನೆಗೆ ಹೋದರೆ ಪರಿಚಯದವರು ನೋಡುತ್ತಾರೆಂಬ ಭಯ. ಕಡೆಗೆ ಇಂಟರ್ನೆಟ್ಟಿನಲ್ಲಿ ಹುಡುಕಿ, ಧಾರವಾಡದ ಡಾಕ್ಟರ್ ದುರ್ಗಾ ಎಂಬ ಮನೋವೈದ್ಯೆಯನ್ನು ಕಂಡುಕೊಂಡಳು. ಅವರು ಕಂಪ್ಯೂಟರಿನಲ್ಲೇ ಮುಖ ನೋಡಿ ಮಾತಾಡುತ್ತಿದ್ದರು, ಅದೂ ಕನ್ನಡದಲ್ಲಿ! ಶನಿವಾರ ಮಧ್ಯಾಹ್ನ ಖಡಕಿ ಬಜಾರಿನ ಸೈಬರ್ ಕೆಫೆಗೆ ಹೋಗಿ, ಮೂಲೆಯ ಕ್ಯಾಬಿನ್‌ನಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂರುತ್ತಿದ್ದಳು. ಮೊದಮೊದಲು ಬರೀ ಅಳು. ಡಾಕ್ಟರ್ ರಕ್ತಪರೀಕ್ಷೆ ಮಾಡಿಸಿದರು, ಹೊತ್ತುಹೊತ್ತಿಗೆ ಸ್ವಲ್ಪವಾದರೂ ಉಣ್ಣು ಎಂದರು. ಉಂಡ ಮೇಲೆ ಒಬ್ಬಳೇ ಇರಬೇಡ ಎಂದರು. ಕೆಲವು ವಾರ ಚೆನ್ನಾಗಿ ಹೋಗುತ್ತಿತ್ತು. ಮತ್ತೆ ಹಳೆಯ ಚಾಳಿಗೆ ಜಾರುತ್ತಿದ್ದಳು.

ಅಂಥ ಒಂದು ಕೆಟ್ಟ ದಿನವೇ ಮಾರ್ತಾಂಡ ಎದುರಾಗಿದ್ದು.

ಅವನು ಬೀದರ್ ಕಡೆಯವನು. ಆಫೀಸಿನ ಬಸ್ಸುಗಳ ಉಸ್ತುವಾರಿ ಅವನದು. ಇರುವುದೂ ಖಡಕಿಯಲ್ಲೇ. ಮರುದಿನ ಬಸ್ಸಿನಲ್ಲಿ, ಸಿಡುಕಿದ್ದಕ್ಕೆ ಅವಳೇ ಕ್ಷಮೆ ಕೇಳಿದಳು. ಅದಕ್ಕವನು, ಕಿಟಕಿ ಕಡೆ ಗಾಳಿ ಛಲೋ ಬರ್ತದೆಂದು ಜಾಗ ಬಿಟ್ಟುಕೊಟ್ಟ. ಆಮೇಲೆ ದಿನಾ ಜೊತೆಯಲ್ಲೇ ಕೂರತೊಡಗಿದರು. ಅವನು ಬಾರದ ದಿನ ದಾರಿ ಉದ್ದವೆನಿಸುತ್ತಿತ್ತು.

ಅವಳಿಗೇ ಗೊಂದಲ. ಒಂದು ಶನಿವಾರ ಕೆಫೆಯಲ್ಲಿ ಕೂತು ಕೇಳಿದಳು: "ಡಾಕ್ಟರ್, ಇದು ಪ್ರೀತಿನೋ, ಒಬ್ಬರು ಆಸರಾದ್ರು ಅಂತ ಹಿಂಗ ಅನಸ್ತದೋ?"

"ಅದನ್ನ ನಾ ಹೇಳಾಕ ಬರೂದಿಲ್ಲವಾ. ಗೊತ್ತಿಲ್ಲ ಅಂತ ಸ್ವಲ್ಪ ದಿನ ಇರು. ಅವಸರಿಲ್ಲ."

ಆ ಮಾತಿಗೆ ಶಿವಕಾಂತಾ ಅಳುತ್ತಲೇ ನಕ್ಕುಬಿಟ್ಟಳು.

ಸೋಮವಾರ ಮಾರ್ತಾಂಡ ಹಿಂದಿನ ಸೀಟಿನಲ್ಲಿ ಕೂತಿದ್ದ. ಮರುದಿನವೂ ಅಷ್ಟೆ. ಮಾತಾಡಿಸಿದರೆ ಹೂಂ, ಹೌದ್ರಿ, ಅಷ್ಟೇ.

ನನ್ನ ಕಾಯಿಲೆ ಗೊತ್ತಾಗಿದೆ... ನನ್ನ ಮೇಲೆ ಹೇಸಿಗೆ ಬಂದಿದೆ! ಆ ಸಂಜೆ ಅವಳು ಮತ್ತೆ ಜಾರಿದಳು. ಶನಿವಾರ ಡಾಕ್ಟರಿಗೆ ಎಲ್ಲ ಹೇಳಿದಳು. ಅವನ ಮನಸ್ಸಿನಲ್ಲಿ ಏನಿದೆಯೆಂದು ನೀನು ಕೇಳಿಯೇ ಇಲ್ಲವಲ್ಲ ಎಂದರು ಅವರು.

ಸೋಮವಾರ ಸಂಜೆ ಖಡಕಿ ಸ್ಟಾಪಿನಲ್ಲಿ ಇಳಿದವಳು ಅವನನ್ನು ತಡೆದಳು.

"ನಾ ಏನ್ ತಪ್ಪ ಮಾಡೀನ್ರಿ?"

ಅವನು ನೆಲ ನೋಡಿದ. ಹಿಂದಿನ ಸೀಟಿಗೆ ಹೋಗುವ ಮೊದಲಿನ ಶನಿವಾರ, ಪ್ರಿಂಟ್ ತೆಗೆಸಲು ಸೈಬರ್ ಕೆಫೆಗೆ ಹೋಗಿದ್ದನಂತೆ. ಅವಳು ಪರದೆ ನೋಡುತ್ತ ಅಳುವುದನ್ನೂ ನಗುವುದನ್ನೂ ಕಂಡನಂತೆ; ಪರದೆಯಲ್ಲಿ ಯಾರಿದ್ದರೆಂಬುದು ಮಾತ್ರ ಕಾಣಲಿಲ್ಲವಂತೆ.

"ಮನಸಿನ್ಯಾಗ ಇದ್ದವರ ಕೂಡಷ್ಟ ಹಂಗ ಮಾತಾಡಾಕ ಆಗ್ತದ. ನಾನ ಏನೇನೋ ತಿಳಕೊಂಡಿದ್ದೆ. ಹೋಗ್ಲಿ ಬಿಡ್ರಿ."

ದೂರದೂರಿನ ಅಕ್ಕ ಎಂದು ಹೇಳಿಬಿಡಲೇ? ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ನಿಜ ಹೇಳಿದರೆ ಇವನೂ ಎದ್ದುಹೋದಾನು...

"ಅವರು ಡಾಕ್ಟರ್," ಎಂದಳು.

ಆಮೇಲೆ ನಿಲ್ಲಿಸಲಾಗಲಿಲ್ಲ. ಮುರಿದ ನಿಶ್ಚಯ, ಕದ್ದು ತಿಂದದ್ದು, ಬಾತ್‌ರೂಮಿನ ಬಾಗಿಲು, ಎಲ್ಲವನ್ನೂ ಹೇಳಿದಳು.

"ಖರೇ ಹೇಳ್ತೀನ್ರಿ, ನನಗಿದು ಪೂರಾ ತಿಳೀಲಿಲ್ಲ," ಎಂದ ಮಾರ್ತಾಂಡ. "ಆದ್ರ ನಿಮ್ಮ ಜೀವದಾಗ ಬ್ಯಾರೆ ಯಾರೋ ಅದಾರ ಅಂತ ತಿಳಿದಾಗ ನನಗೇನಾತು, ಅದಷ್ಟ ತಿಳದದ."

"ನನಗ ಇನ್ನೂ ಆರಾಮಾಗಿಲ್ರಿ. ಯಾವಾಗ ಆಗ್ತದೋ ಗೊತ್ತಿಲ್ಲ."

"ಡಾಕ್ಟರ್ ಕೂಡ ಮಾತಾಡೂದು ಬಿಡಬ್ಯಾಡ್ರಿ. ಅವರ ಕೆಲಸ ನನಗ ಬರೂದಿಲ್ಲ. ನಾ ಏನ್ ಮಾಡ್ಲಿ, ಅದನ್ನ ಹೇಳ್ರಿ."

"ನಾಳೆ ಊಟಕ್ಕ ನನ್ನ ಎದುರಿಗೆ ಕೂಡ್ರಿ. ನನ್ನ ತಾಟ ಮಾತ್ರ ನೋಡಬ್ಯಾಡ್ರಿ."

"ಮತ್ತ ಏನ್ ನೋಡ್ಲಿ?"

ಎರಡು ವರ್ಷದಿಂದ ಕನ್ನಡಿಗೂ ಮುಖ ಕೊಡದಿದ್ದವಳು ನಿಧಾನಕ್ಕೆ ತಲೆಯೆತ್ತಿದಳು.

"ನನ್ನ ನೋಡ್ರಿ."