ಆರನೇ ಮಹಡಿಯ ಕುವೈತಿ ಮೇಡಂ

ಬೆನ್ನ ಹಿಂದೆ ಬಾಗಿಲು ಧಡಾರ್ ಅಂತ ಮುಚ್ಚಿತು. ಬೀಗದಲ್ಲಿ ಕೀಲಿ ಎರಡು ಸುತ್ತು ತಿರುಗಿತು... ಹೊರಗಿನಿಂದ!

ಹ್ಯಾಂಡಲ್ ಹಿಡಿದು ಎಳೆದೆ. ಜಪ್ಪಯ್ಯ ಅನ್ನಲಿಲ್ಲ.

"ಕಾನ್ರಾಡ್ ಬಾಬ್!" ಆಚೆಯಿಂದ ಯುಜಿನ್ನನ ದನಿ. ನಗುತ್ತಿದ್ದ. "ಕೀಲಿ ಬಾಗಿಲಲ್ಲೇ ಬಿಟ್ಟು ಒಳಗೆ ಹೋಗ್ತಾರಾ ಮಾರಾಯ್ರೇ? ಹನ್ನೊಂದಕ್ಕೆ ಸರ್ಕಾರದವರು ಚೆಕಿಂಗಿಗೆ ಬರ್ತಾರೆ. ಬಾತ್‌ರೂಮಲ್ಲಿ ಅಡಗಿ ಕೂತ್ಕೊಳ್ಳಿ. ಕೆಮ್ಮಿದ್ರೆ ನಿಮಗೇ ಕಷ್ಟ."

"ನನಗೆ ಯಾಕೆ ಕಷ್ಟ?"

"ಕುವೈತಿ ಹೆಂಗಸಿನ ಮನೆಯಲ್ಲಿ ಪರಗಂಡಸು! ಸೀದಾ ಜೈಲು. ಅವರು ಹೋದ ಮೇಲೆ ಬಾಗಿಲು ತೆಗೀತೇನೆ. ನೀವು ಗ್ರೇಸಿ ಹತ್ರ ಹೋಗಿ, ನಿನ್ನ ತಂಗಿ ಮೇಡಂ ಜೊತೆ ಲಂಡನ್ನಿಗೆ ಹೋದದ್ದು ನಿಜ ಅಂತ ಹೇಳಿ. ಖಲಾಸ್."

ಬೂಟಿನ ಸದ್ದು ದೂರವಾಯಿತು. ಗಡಿಯಾರ ನೋಡಿದೆ. ಹತ್ತು ಇಪ್ಪತ್ತು.

ವಾಚ್‌ಮನ್ನನಿಗೆ ಎರಡು ಪ್ಯಾಕ್ ಸಿಗರೇಟು ಕೊಟ್ಟು ಕೀಲಿ ಈಸಿಕೊಂಡಿದ್ದೆ. ಬಾಗಿಲು ತೆಗೆದವನಿಗೆ ಕೀಲಿ ಕಿತ್ತುಕೊಳ್ಳುವ ಬುದ್ಧಿ ಇರಲಿಲ್ಲ. ಅಬುಧಾಬಿಯಲ್ಲಿ ಹದಿನೆಂಟು ವರ್ಷ ಪಿ.ಆರ್.ಓ. ಕೆಲಸ ಮಾಡಿದ ಮಹಾನುಭಾವ ನಾನು! ವೀಸಾ, ಪತಾಕ ಅನ್ನುವ ಲೇಬರ್ ಕಾರ್ಡು, ಕಳೆದ ಪಾಸ್‌ಪೋರ್ಟು, ಓಡಿಹೋದ ಡ್ರೈವರು... ಯಾರದೇ ಕಗ್ಗಂಟು ಇದ್ದರೂ ನನ್ನ ಟೈಪಿಂಗ್ ಸೆಂಟರಿಗೆ ಬರುತ್ತಾರೆ. ಈಗ ಗಂಟಿನೊಳಗೆ ನಾನೇ ಇದ್ದೆ.

ಅದು ತೊಂಬತ್ತರ ನವೆಂಬರ್. ಇರಾಕಿನ ಸೈನ್ಯ ಕುವೈತಿಗೆ ನುಗ್ಗಿ ಮೂರು ತಿಂಗಳಾಗಿತ್ತು. ಉಟ್ಟ ಬಟ್ಟೆಯಲ್ಲಿ ಓಡಿಬಂದ ಕುವೈತಿಗಳಿಗೆ ಇಲ್ಲಿನ ಸರ್ಕಾರ ಫ್ಲಾಟ್ ಕೊಟ್ಟಿತ್ತು. ಬಾಡಿಗೆ ಸರ್ಕಾರದ್ದು, ಮೇಲೆ ತಲೆಗಿಷ್ಟು ಅಂತ ತಿಂಗಳ ಖರ್ಚಿಗೆ ಭತ್ಯೆ. ಒಳ್ಳೆಯ ಕೆಲಸ. ಒಳ್ಳೆಯ ಕೆಲಸ ಎಲ್ಲಿ ನಡೆದರೂ ಯುಜಿನ್ನನಂಥವನೊಬ್ಬ ಅಲ್ಲಿ ಬಂದು ನಿಲ್ಲುತ್ತಾನೆ. ಈ ಕಟ್ಟಡದ ಏಜೆಂಟ್ ಅವನು.

"ಯಾರು?"

ತಿರುಗಿ ನೋಡಿದೆ. ಕಪ್ಪು ಅಬಾಯ. ಮುಖದ ಮೇಲೆ ಕಪ್ಪು ಪರದೆ. ಕಣ್ಣು ಮಾತ್ರ ಕಾಣುತ್ತಿತ್ತು.

"ಎಲ್ಸಿಯಾ? ನಿನ್ನ ಅಕ್ಕ ಗ್ರೇಸಿ ಕಳಿಸಿದ್ದು ನನ್ನನ್ನು."

ಪರದೆ ಮೇಲೆ ಹೋಯಿತು. ನಲವತ್ತರ ಹೆಂಗಸು. ನಮ್ಮ ಊರ ಕಡೆಯ ಶಿರ್ವದವಳು. ಕಣ್ಣ ಸುತ್ತ ಕಪ್ಪಿಟ್ಟಿತ್ತು. ಅಕ್ಕನ ಹೆಸರು ಕೇಳಿದ್ದೇ ಅಳತೊಡಗಿದಳು.

"ಅಳಬೇಡ. ಟೈಮಿಲ್ಲ. ಮೊದಲಿನಿಂದ ಹೇಳು."

ಕುವೈತಿನಲ್ಲಿ ಜಮೀಲ ಮೇಡಂ ಮನೆಯಲ್ಲಿ ಹದಿನಾಲ್ಕು ವರ್ಷ ಆಯಾ. ಯುದ್ಧ ಶುರುವಾದಾಗ ಅವರ ಜೊತೆ ಅದೇ ಕಾರಿನಲ್ಲಿ ಸೌದಿ ದಾಟಿ ಬಂದಳು. ಸೆಪ್ಟೆಂಬರಿನಲ್ಲಿ ಮೇಡಂ ಮನೆಯವರೆಲ್ಲ ಲಂಡನ್ನಿಗೆ ಹೋದರು. ಹೋಗುವಾಗ ಫ್ಲಾಟಿನ ಕೀಲಿ, ಎಲ್ಸಿಯ ಪಾಸ್‌ಪೋರ್ಟು, ಅವಳನ್ನು ಊರಿಗೆ ಕಳಿಸಲು ಟಿಕೆಟ್ಟಿನ ದುಡ್ಡು, ಮೂರನ್ನೂ ಯುಜಿನ್ನನ ಕೈಗೆ ಕೊಟ್ಟರು. ಅವನು ಕೀಲಿ ಸರ್ಕಾರಕ್ಕೆ ಒಪ್ಪಿಸಲಿಲ್ಲ. ಎಲ್ಸಿಯನ್ನು ಊರಿಗೂ ಕಳಿಸಲಿಲ್ಲ. ಜಮೀಲ ಮೇಡಂ ಇನ್ನೂ ಇಲ್ಲೇ ಇದ್ದಾರೆ ಅಂತ ಭತ್ಯೆ ಎತ್ತುತ್ತ ಕೂತ.

"ಮೇಡಂ ಇದ್ದಾರೆ ಅಂತ ತೋರಿಸೋದು ಹೇಗೆ?"

ಎಲ್ಸಿ ತಲೆ ತಗ್ಗಿಸಿದಳು. "ನಾನೇ ಮೇಡಂ. ಚೆಕಿಂಗಿನವರು ಗಂಡಸರು. ಮುಖ ತೋರಿಸು ಅಂತ ಕೇಳುವುದಿಲ್ಲ. ಒಂದೇ ಸಲ ಕೂತ್ಕೋ, ಪಾಸ್‌ಪೋರ್ಟು ಕೊಡ್ತೇನೆ ಅಂದ. ಆಮೇಲೆ ಇನ್ನೊಂದು ಸಲ. ಇವತ್ತು ಮೂರನೇದು."

"ಮಾತಾಡಿಸಿದ್ರೆ?"

ಆಗ ಆ ಹೆಂಗಸು ತಲೆಯೆತ್ತಿ ಅರಬ್ಬಿಯಲ್ಲಿ ಎರಡು ವಾಕ್ಯ ಬಿಟ್ಟಳು ನೋಡಿ... ನಾನು ದಂಗಾದೆ! ಅಪ್ಪಟ ಕುವೈತಿ ಶೈಲಿ. ಆ ರಾಗ, ಆ ದರ್ಪ! ಹದಿನಾಲ್ಕು ವರ್ಷ ಬೈಸಿಕೊಂಡೇ ಕಲಿತ ಭಾಷೆ.

"ಪೊಲೀಸಿಗೆ ಹೇಳುವ ಅಂದ್ರೆ ಸುಳ್ಳು ವೇಷ ಹಾಕಿ ಕೂತದ್ದು ನಾನೇ ಅಲ್ವಾ? ಮೊದಲು ನಾನೇ ಒಳಗೆ. ಪಾಸ್‌ಪೋರ್ಟು ಅವನ ಕೋಟಿನ ಕಿಸೆಯಲ್ಲೇ ಇರ್ತದೆ. ಎದುರಿಗೆ ತೆಗೆದು ತೋರಿಸ್ತಾನೆ, ಕೊಡುವುದಿಲ್ಲ."

ಇತ್ತ ಗ್ರೇಸಿ, ಯುಜಿನ್ನನ ಮಾತು ಕೇಳಿ, ತಂಗಿ ಲಂಡನ್ನಿನಲ್ಲಿದ್ದಾಳೆ ಅಂತಲೇ ನಂಬಿದ್ದಳು. ಮೊನ್ನೆ ಲಂಡನ್ನಿನಿಂದ ಜಮೀಲ ಮೇಡಮ್ಮೇ ಅವಳು ಇಲ್ಲಿ ಕೆಲಸ ಮಾಡುವ ಆಸ್ಪತ್ರೆಗೆ ಫೋನ್ ಮಾಡಿ, ಎಲ್ಸಿ ಊರು ಮುಟ್ಟಿದಳಾ ಅಂತ ಕೇಳಿದ್ದೇ ನನ್ನ ಟೈಪಿಂಗ್ ಸೆಂಟರಿಗೆ ಓಡಿಬಂದಿದ್ದಳು. ಇವತ್ತು ನಾಲ್ಕು ಗಂಟೆಯ ಬಾಂಬೆ ವಿಮಾನಕ್ಕೆ ತಂಗಿಯ ಟಿಕೆಟ್ ಮಾಡಿಸಿ ಏರ್‌ಪೋರ್ಟಿನಲ್ಲಿ ಕಾಯುತ್ತಿದ್ದಳು. ಪಾಸ್‌ಪೋರ್ಟು ಸಿಗದಿದ್ದರೆ ಅದು ಬರೀ ಕಾಗದ.

ಫೋನ್ ಎತ್ತಿದೆ. ಸತ್ತಿತ್ತು. ಕಿಟಕಿ ನೋಡಿದೆ. ಆರು ಮಹಡಿ ಕೆಳಗೆ ಕಾರುಗಳು. ಅಡುಗೆಮನೆಗೆ ಬೇರೆ ಬಾಗಿಲಿಲ್ಲ. ಎ.ಸಿ. ಗುರ್ರ್ ಅನ್ನುತ್ತಿತ್ತು... ನನ್ನ ಶರ್ಟು ಮಾತ್ರ ಬೆನ್ನಿಗೆ ಅಂಟಿತ್ತು. ಹೆದರಿಕೆ ಸ್ವಾಮಿ, ಶುದ್ಧ ಹೆದರಿಕೆ!

ಬಾತ್‌ರೂಮಿನ ಬಾಗಿಲು ತೆರೆದು ನೋಡಿದೆ. ಒಳಗೆ ಬಕೆಟ್ಟು, ಒಂದು ಮಗ್ಗು. ಅಲ್ಲಿ ಬಾಯಿಗೆ ಕೈಯಿಟ್ಟು ಕೂರುವುದನ್ನು ನೆನೆಸಿಕೊಂಡು ಮೈಯೆಲ್ಲ ಉರಿಯಿತು.

"ಎಲ್ಸಿ, ಚೆಕಿಂಗ್ ಹೊತ್ತಿಗೆ ಯುಜಿನ್ ಇಲ್ಲಿ ಇರ್ತಾನಾ?"

"ಅವನೇ ಕರ್ಕೊಂಡು ಬರೋದು. ಮೇಡಂ ಪರವಾಗಿ ಸಹಿ ಹಾಕುವ ವಕಾಲತ್ತು ಅವನ ಹತ್ರ ಉಂಟು."

"ಅವರೆದುರು ನೀನು ಯಾರು?"

"ಮೇಡಂ."

"ಮೇಡಂ ಅಂದ ಮೇಲೆ ಏಜೆಂಟಿಗೆ ಹೆದರ್ತಾಳಾ?"

ಎಲ್ಸಿ ನನ್ನನ್ನೇ ನೋಡಿದಳು. ನಾನು ಹೇಳುತ್ತ ಹೋದೆ. ಅವಳು ಪರದೆ ಇಳಿಸಿದಳು.

ಹನ್ನೊಂದು ಐದಕ್ಕೆ ಬೀಗ ತಿರುಗಿತು. ಫೈಲು ಹಿಡಿದ ಬಿಳಿ ಗಡ್ಡದ ಆಫೀಸರ್, ಒಬ್ಬ ಗುಮಾಸ್ತ, ಹಿಂದೆ ಸೂಟು ಹಾಕಿದ ಯುಜಿನ್. ಎಲ್ಸಿ ಸೋಫಾದ ನಡುವೆ ನೆಟ್ಟಗೆ ಕೂತಿದ್ದಳು. ಸಲಾಮು ಮುಗಿಯಿತು. ಮಕ್ಕಳು ಸ್ಕೂಲಿಗೆ, ಗಂಡ ಸೌದಿಯಲ್ಲಿ... ಹಳೇ ಪಾಠ.

ಆಗ ನಾನು ಅಡುಗೆಮನೆಯಿಂದ ಹೊರಬಂದೆ. ಹೆಗಲ ಮೇಲೆ ಟವೆಲ್, ಕೈಯಲ್ಲಿ ಸುಲೈಮಾನಿ ಚಹಾದ ಟ್ರೇ!

ಯುಜಿನ್ನನ ಮುಖ ಬಿಳಿಚಿತು.

"ಇವನು ಯಾರು?" ಆಫೀಸರ್ ಕೇಳಿದ.

"ಅಡುಗೆಯವನು," ಅಂದಳು ಎಲ್ಸಿ.

"ಸರಿ, ಸರಿ. ಕೆಲಸದವರ ಹೆಸರು ನಮ್ಮ ಪಟ್ಟಿಯಲ್ಲಿ ಇರುವುದಿಲ್ಲ." ಆಮೇಲೆ ಅವನು ನನ್ನತ್ತ ನೋಡಲೇ ಇಲ್ಲ. ಚಹಾ ಮಾತ್ರ ತೆಗೆದುಕೊಂಡ.

ಎಲ್ಸಿ ಗಂಟಲು ಸರಿಮಾಡಿಕೊಂಡಳು. "ಅಣ್ಣಾ, ಇವತ್ತು ನಾನು ಈ ಮನೆ ಬಿಡ್ತಿದ್ದೇನೆ. ಮಕ್ಕಳು, ನಾನು ಎಲ್ಲ ಲಂಡನ್ನಿಗೆ. ಮನೆ ನಿಮಗೆ ವಾಪಸ್. ಭತ್ಯೆಯೂ ಇವತ್ತಿಗೇ ನಿಲ್ಲಲಿ."

ಆಫೀಸರನ ಚಹಾ ಅರ್ಧದಲ್ಲೇ ನಿಂತಿತು. "ತಾನಾಗಿ ವಾಪಸ್ ಕೊಡ್ತೇನೆ ಅಂದವರು ನೀವೇ ಮೊದಲು! ದೇವರು ಒಳ್ಳೇದು ಮಾಡಲಿ. ಇಲ್ಲಿ ಒಂದು ಸಹಿ..."

ಸಹಿ! ಎಲ್ಸಿಗೆ ಅರಬ್ಬಿ ಮಾತು ಬರುತ್ತದೆ, ಒಂದಕ್ಷರ ಬರೆಯಲು ಬಾರದು. ಫೈಲಿನಲ್ಲಿ ಜಮೀಲ ಮೇಡಮ್ಮಿನ ಸಹಿ ಇದೆ. ಇದೊಂದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಗುಮಾಸ್ತ ಪೆನ್ನು ಚಾಚಿದ. ಯುಜಿನ್ನನ ತುಟಿಯ ಮೂಲೆಯಲ್ಲಿ ನಗು ಕಾಣಿಸಿತು.

ಎಲ್ಸಿ ಪೆನ್ನು ಮುಟ್ಟಲಿಲ್ಲ.

"ನಾನು ಯಾಕೆ? ವಕಾಲತ್ತು ಈ ಏಜೆಂಟನ ಹತ್ರ ಇದೆಯಲ್ಲ. ಇಷ್ಟು ದಿನ ಭತ್ಯೆ ತರಲಿಕ್ಕೆ ಇವನೇ ಸಹಿ ಹಾಕಿದ. ಬಿಡಲಿಕ್ಕೂ ಇವನೇ ಹಾಕಲಿ!"

ಇದು ನಾನು ಹೇಳಿಕೊಟ್ಟದ್ದಲ್ಲ. ಆಣೆ ಮಾಡಿ ಹೇಳುತ್ತೇನೆ, ಅವಳದೇ ತಲೆ!

"ಯಲ್ಲಾ, ಬೇಗ ಹಾಕು," ಅಂದ ಆಫೀಸರ್.

ಯುಜಿನ್ ಏನೆಂದಾನು? ಇವಳು ಮೇಡಂ ಅಲ್ಲ ಅಂದರೆ, ಎರಡು ತಿಂಗಳು ಮೇಡಂ ಅಂತ ತೋರಿಸಿದವನು ಯಾರು? ಪೆನ್ನು ಹಿಡಿದ. ಸಹಿ ಹಾಕಿದ. ಹಣೆಯ ಬೆವರು ಕಾಗದದ ಮೇಲೆ ಬಿತ್ತು.

"ಇನ್ನೊಂದು," ಅಂದಳು ಎಲ್ಸಿ. "ನನ್ನ ಆಯಾಳ ಪಾಸ್‌ಪೋರ್ಟು ಇವನ ಕಿಸೆಯಲ್ಲಿದೆ. ಕೊಡಲಿ."

"ಆಯಾ ನಮ್ಮ ಫೈಲಿನಲ್ಲಿ ಇಲ್ಲ ತಂಗೀ. ಅದು ನಮಗೆ ಸಂಬಂಧವಿಲ್ಲ." ಆಫೀಸರ್ ಏಳಹೊರಟ.

ಅವನು ಬಾಗಿಲು ದಾಟಿದರೆ ಕತೆ ಮುಗಿಯಿತು!

ಎಲ್ಸಿ ಎದ್ದು ನಿಂತಳು. ಟೀಪಾಯಿ ಮೇಲೆ ಅಂಗೈ ಬಡಿದಳು. "ನಾನು ದೇಶ ಕಳಕೊಂಡು ಬಂದವಳು! ನನ್ನ ಮನೆಯವಳ ಪಾಸ್‌ಪೋರ್ಟನ್ನು ಒಬ್ಬ ಏಜೆಂಟ್ ಕಿಸೆಯಲ್ಲಿಟ್ಟು ಓಡಾಡ್ತಾನೆ. ನೀವು ನೋಡ್ತಾ ಹೋಗ್ತೀರಾ?"

ಆಫೀಸರ್ ನಿಧಾನವಾಗಿ ಯುಜಿನ್ನನ ಮುಂದೆ ಕೈ ಚಾಚಿದ.

ನೀಲಿ ಪಾಸ್‌ಪೋರ್ಟು ಹೊರಬಂತು.

ಹತ್ತು ನಿಮಿಷದಲ್ಲಿ ನನ್ನ ಹಳೇ ಡಾಟ್ಸನ್ ರಸ್ತೆಯಲ್ಲಿತ್ತು. ಹಿಂದಿನ ಸೀಟಿನಲ್ಲಿ ಮೇಡಂ. ಕನ್ನಡಿಯಲ್ಲಿ ಯುಜಿನ್ನನ ಪಜೆರೋ! ಎಡಕ್ಕೆ ತಿರುಗಿಸಿದೆ, ಅವನೂ ಎಡಕ್ಕೆ. ಗಲ್ಲಿಗೆ ನುಗ್ಗಿಸಿದೆ, ಬಿಡಲಿಲ್ಲ. ಸಿಗ್ನಲ್ಲಿನಲ್ಲಿ ಕೆಂಪು ಬಿತ್ತು. ಅವನು ಇಳಿದು ಓಡಿಬಂದು ಗಾಜು ಗುದ್ದಿದ.

"ಪಾಸ್‌ಪೋರ್ಟು ಕೊಡೇ!"

ಎಲ್ಸಿ ಗಾಜನ್ನು ಎರಡು ಇಂಚು ಇಳಿಸಿ ಕುವೈತಿ ಅರಬ್ಬಿಯಲ್ಲಿ ಕಿರುಚಿದಳು. ಎದುರಿನ ಟ್ರಾಫಿಕ್ ಪೊಲೀಸ್ ಓಡಿಬಂದ.

"ಇವನು ಯಾರೋ ಗೊತ್ತಿಲ್ಲ! ನನ್ನ ಕಾರಿನ ಹಿಂದೆ ಬಿದ್ದಿದ್ದಾನೆ!"

ಹಸಿರು ಬಂತು. ಪೊಲೀಸಿನವನ ಕೈಯಲ್ಲಿ ಯುಜಿನ್ನನ ಕಾಲರ್ ಇತ್ತು. ನಾನು ಆಕ್ಸಿಲರೇಟರ್ ತುಳಿದೆ.

ಸೇತುವೆ ದಾಟಿದ ಮೇಲೆ ಎಲ್ಸಿ ಮೆಲ್ಲಗೆ ಅಂದಳು. "ಕಾನ್ರಾಡ್ ಬಾಬ್, ಮರಳುಗಾಡು ದಾಟುವಾಗ ಮೇಡಮ್ಮಿನ ಚಿಕ್ಕ ಮಗು ನನ್ನ ಮಡಿಲಲ್ಲಿ ಇತ್ತು. ಮಗುವಿನ ಹೆಸರು ಪಟ್ಟಿಯಲ್ಲಿ ಉಂಟು. ಎತ್ತಿಕೊಂಡವಳದ್ದು ಇಲ್ಲ."

ನಾನು ಗೇರ್ ಬದಲಿಸಿದೆ.

ಏರ್‌ಪೋರ್ಟಿನ ಲೇಡೀಸ್ ರೂಮಿಗೆ ಹೋದವಳು ಅಬಾಯ ಕಳಚಿ ಹೂವಿನ ಫ್ರಾಕ್ ಹಾಕಿಕೊಂಡು ಬಂದಳು. ಅಷ್ಟರಲ್ಲಿ ನಡೆದದ್ದೆಲ್ಲ ನಾನು ಗ್ರೇಸಿಗೆ ಹೇಳಿದ್ದೆ. ಗ್ರೇಸಿ ತಬ್ಬಿಕೊಂಡು ಗೊಳೋ ಅಂತ ಅತ್ತಳು. ಆಮೇಲೆ ಮೂಗು ಒರೆಸುತ್ತ ಕೇಳಿದಳು.

"ಅಯ್ಯೋ ಜೇಜು ದೇವರೇ... ನೀನು ಕುವೈತಿ ಹೆಂಗಸಾಗಿ ಕೂತಿದ್ದದ್ದು ನಿಜವಾ?"

"ಎರಡು ತಿಂಗಳು," ಅಂದಳು ಎಲ್ಸಿ. "ಇವತ್ತು ರಿಸೈನ್ ಮಾಡಿದೆ."